ಮೂರು ಕೋಣೆಯ ಮಂದೆ

ಬುಧವಾರ, ಮಾರ್ಚ್ ೪
ಮಧ್ಯಾಹ್ನ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಎರಡು ಪತ್ರಗಳೂ ಕೈಸೇರಿವೆ. ಮೊದಲನೆಯದು ಬಂದು ಏಳು ವಾರವಾಯಿತೆಂದು ಲಕೋಟೆಯ ಮೇಲಿನ ಮೊಹರು ಹೇಳುತ್ತಿದೆ. ನನ್ನನ್ನು ಕೇಳಿದ್ದರೆ ಮೊನ್ನೆ ತಾನೇ ಬಂತು ಎನ್ನುತ್ತಿದ್ದೆ. ಎರಡನೆಯದರಲ್ಲಿ "ಇದೀಯೋ ಇಲ್ವೋ ಅಂತ ಒಂದು ಸಾಲಾದರೂ ಗೀಚು ತಾಯಿ" ಎಂದು ಬೈದಿದ್ದೀಯ. ಇದ್ದೇನೆ. ಉತ್ತರ ಬರೆಯಲು ಮೂರು ಸಲ ಕೂತೆ. ಒಂದು ಸಲ 'ಪ್ರೀತಿಯ ಅಕ್ಕ' ಎನ್ನುವಷ್ಟರಲ್ಲಿ ಪುಟ್ಟಿ ಎದ್ದಳು. ಇನ್ನೊಂದು ಸಲ ಪೆನ್ನು ಹಿಡಿದ ಹಾಗೇ ನನಗೆ ಜೋಂಪು ಹತ್ತಿ, ಕಾಗದದ ತುಂಬ ಮೇಲಿಂದ ಕೆಳಗೆ ಒಂದು ಗೆರೆ ಎಳೆದಿದ್ದೆ. ಮೂರನೆಯದು ಅರ್ಧ ಪುಟವಾಗಿತ್ತು. ಅದನ್ನು ದೊರೆ ತಿಂದ.

ಫೋನ್ ಮಾಡಲು ಏನು ಧಾಡಿ ಎಂದು ನೀನು ಕೇಳುತ್ತೀಯ. ಇವರು ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪತ್ರಿಕೆ ಅಚ್ಚು ಹಾಕಿ ಬಂದು ಬೆಳಿಗ್ಗೆ ಏಳಕ್ಕೆ ಮಲಗಿದರೆ ಏಳುವುದು ಮಧ್ಯಾಹ್ನ ಮೂರಕ್ಕೆ. ಒಳಕೋಣೆಗೂ ಹಾಲಿಗೂ ನಡುವೆ ಇರುವುದು ಗೋಡೆಯಲ್ಲ, ಬರೀ ಹಲಗೆ. ನಾನು ಪಿಸುಗುಟ್ಟಿದರೆ ನಿನಗೆ ಕೇಳಿಸುವುದಿಲ್ಲ, "ಏನೇ? ಏನಂದೆ?" ಎಂದು ನೀನು ಅಲ್ಲಿಂದ ಕಿರುಚಿದರೆ ಇವರಿಗೆ ಕೇಳಿಸುತ್ತದೆ. ಮೂರರ ಮೇಲೆ ಮಾಡೋಣವೆಂದರೆ ಇವರು ಪಕ್ಕದಲ್ಲೇ ಇರುತ್ತಾರೆ. ಆಗ ನಾನು ಆಡುವ ಮಾತೇ ಬೇರೆ.

ಪುಟ್ಟಿಗೆ ಐದು ತಿಂಗಳು ತುಂಬಿತು. ತೂಕ ಸರಿಯಾಗಿದೆ, ಕಣ್ಣು ಕಿವಿ ಸರಿಯಾಗಿವೆ, ಗಂಟಲಂತೂ ಸರಿಗಿಂತ ಹೆಚ್ಚೇ ಇದೆ. ನಿದ್ದೆಯೊಂದು ಇಲ್ಲ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹಾಲು ಕುಡಿದ ಹೊತ್ತು, ಯಾವ ಎದೆ, ಎಷ್ಟು ನಿಮಿಷ, ಬಟ್ಟೆ ಒದ್ದೆ ಮಾಡಿದ್ದು, ಮಲಗಿದ್ದು, ಎದ್ದದ್ದು. ಸಂಖ್ಯಾಶಾಸ್ತ್ರ ಓದಿದ್ದು ಇದಕ್ಕೇ ಇರಬೇಕು. ಕಳೆದ ಇಪ್ಪತ್ತೊಂದು ದಿನಗಳಲ್ಲಿ ಅವಳು ಎಡೆಬಿಡದೆ ಮಲಗಿದ ಅತಿ ದೀರ್ಘ ಅವಧಿ ಒಂದು ಗಂಟೆ ಐವತ್ತು ನಿಮಿಷ. ಸರಾಸರಿ ಬರೆಯುವುದಿಲ್ಲ. ದಿನಕ್ಕೆ ಹತ್ತು ಬಾಣಂತಿಯರನ್ನು ನೋಡುವ ನರ್ಸಮ್ಮ ನೀನು, ನಿನಗೆ ನಾನೇನು ಹೇಳುವುದು?

ಈಗ ದೊರೆಯ ವಿಷಯ. ಈ ಪತ್ರ ಅದಕ್ಕೇ.

ಎರಡು ವರ್ಷದ ಹಿಂದೆ ಇವರಿಗೆ ರಾತ್ರಿ ಪಾಳಿ ಬಂದಾಗ "ಮೂರನೇ ಮಹಡೀಲಿ ಒಬ್ಬಳೇ ಹೇಗಿರ್ತೀಯೇ" ಎಂದು ನೀನು ಹಟ ಹಿಡಿದು, ಭಾವ ತಮ್ಮ ಕುರಿ ಸಾಕಣೆ ಕೇಂದ್ರದಿಂದ ಕುರಿ ಕಾಯುವ ನಾಯಿಯನ್ನೇ ತಂದುಬಿಟ್ಟರಲ್ಲ, ಆಗ ಅವನಿಗೆ ಎಂಟು ತಿಂಗಳು. ಅಷ್ಟರಲ್ಲೇ ಇನ್ನೂರು ಕುರಿಯನ್ನು ಒಬ್ಬನೇ ದೊಡ್ಡಿಗೆ ಸೇರಿಸುತ್ತಿದ್ದ ಎಂದು ಭಾವ ಹೆಮ್ಮೆಪಟ್ಟಿದ್ದರು. ಆ ಮಾತನ್ನು ಆಗ ಹೊಗಳಿಕೆ ಎಂದುಕೊಂಡೆವು. ಎಚ್ಚರಿಕೆ ಎಂದು ತಿಳಿಯಬೇಕಿತ್ತು.

ಮೊದಲ ವರ್ಷ ಚಿನ್ನದಂಥದು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ರೈಲುಹಳಿಯ ಪಕ್ಕದ ಬಯಲಿನಲ್ಲಿ ಇಬ್ಬರೂ ಓಡುತ್ತಿದ್ದೆವು. ಈಗ ಪುಟ್ಟಿಯನ್ನು ಎದೆಗೆ ಕಟ್ಟಿಕೊಂಡು ಕೆಳಗಿಳಿದು, ಒಂದು ದೀಪದ ಕಂಬ ಮೂಸಿಸಿ, ಅರವತ್ತೆಂಟು ಮೆಟ್ಟಿಲು ವಾಪಸ್ ಹತ್ತಿದರೆ ಅವನ ದಿನದ ಓಟ ಮುಗಿಯಿತು. ಓಡುವ ಕಾಲು ಓಡದಿದ್ದರೆ ಸುಮ್ಮನಿರುತ್ತದೆಯೇ? ಮನೆಯೊಳಗೇ ಮಂದೆ ಹುಡುಕಿಕೊಂಡಿದೆ.

ಅವನ ಲೆಕ್ಕದಲ್ಲಿ ನಾವು ಮೂರು ಕುರಿ. ಒಂದು ಒಳಕೋಣೆಯಲ್ಲಿ ಮಲಗಿದೆ, ಒಂದು ಹಾಲಿನ ತೊಟ್ಟಿಲಲ್ಲಿದೆ, ಒಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದೆ. ಇರುವ ಮೂರೂ ಮೂರು ದಿಕ್ಕಾದರೆ ಕಾಯುವವನಿಗೆ ಜೀವದಲ್ಲಿ ಜೀವ ಇರುತ್ತದೆಯೇ! ಮಲಗಿದ್ದನ್ನು ಎಬ್ಬಿಸುವಂತಿಲ್ಲ, ತೊಟ್ಟಿಲಿನದು ನಡೆಯುವುದಿಲ್ಲ. ಉಳಿದದ್ದು ನಾನು. ಲೋಟ ತರಲು ಎದ್ದರೆ ಮೊಣಕಾಲ ಹಿಂದೆ ತಣ್ಣನೆಯ ಮೂತಿ. ತಳ್ಳಿ ತಳ್ಳಿ ತೊಟ್ಟಿಲ ಹತ್ತಿರ ತಂದು ನಿಲ್ಲಿಸುತ್ತಾನೆ. ಕಿಟಕಿಯ ಬಳಿ ನಿಂತರೆ ಬರುತ್ತಾನೆ. ಬಚ್ಚಲಿಗೆ ಹೋದರೆ ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಮೂಗು. ಮನೆಯೊಳಗೆ ಚಿಲಕವಿರುವ ಜಾಗ ಅದೊಂದೇ ಎಂದು ನಿನ್ನ ಪತ್ರಗಳನ್ನು ಅಲ್ಲಿಯೇ ಓದಿದೆ. ಆ ಮೂಗನ್ನು ನೋಡುತ್ತ ಓದಿದೆ. ಮಗು ಅತ್ತರೆ ತೊಟ್ಟಿಲ ಸುತ್ತ ಗಿರಗಿರ ಸುತ್ತುತ್ತಾನೆ, ನಾನು ಬರುವುದು ಅರ್ಧ ನಿಮಿಷ ತಡವಾದರೆ ಬೊಗಳುತ್ತಾನೆ. ಬೊಗಳಿದರೆ ಅವಳು ಇನ್ನೂ ಜೋರಾಗಿ ಅಳುತ್ತಾಳೆ. ಇವರು ಒಳಗಿನಿಂದ ಹಲಗೆ ಬಡಿಯುತ್ತಾರೆ.

ಕಳೆದ ತಿಂಗಳು ವಿದ್ಯುತ್ ಮೀಟರ್ ನೋಡುವವರು ಬಂದಿದ್ದರು. ಒಳಗೆ ಬರುವವರನ್ನು ಕಂಡು ದೊರೆ ಬೊಗಳುವುದಿಲ್ಲ, ಬಾಲ ಆಡಿಸುತ್ತಾನೆ; ಮಂದೆ ಬೆಳೆದರೆ ಯಾರಿಗೆ ಬೇಡ? ಹೊರಡುವಾಗಲೇ ತಕರಾರು. ಪಾಪ, ಆ ಮನುಷ್ಯ ಬಾಗಿಲ ಕಡೆ ತಿರುಗಿದ್ದಷ್ಟೇ. ಎತ್ತ ಕಾಲಿಟ್ಟರೂ ಅತ್ತ ದೊರೆ. ಕೊರಳಪಟ್ಟಿ ಹಿಡಿಯೋಣವೆಂದರೆ ನನ್ನ ಕೈಯಲ್ಲಿ ಪುಟ್ಟಿ. ಎರಡು ನಿಮಿಷದಲ್ಲಿ ನಾವು ಮೂವರೂ ಫ್ರಿಜ್ಜಿಗೂ ಗೋಡೆಗೂ ನಡುವಿನ ಮೂಲೆಯಲ್ಲಿ.

"ಕಚ್ಚುತ್ತಾ ಮೇಡಂ?"

"ಇಲ್ಲ ಸರ್. ಬಿಡಲ್ಲ, ಅಷ್ಟೆ."

"ಎಷ್ಟೊತ್ತು ಹಿಂಗೆ?"

"ನಮ್ಮ ಯಜಮಾನ್ರು ಮೂರಕ್ಕೆ ಏಳ್ತಾರೆ."

"ಈಗ ಎರಡೂಕಾಲು!"

"ಸ್ವಲ್ಪ ಮೆಲ್ಲಗೆ ಮಾತಾಡಿ ಸರ್."

ಮುಕ್ಕಾಲು ಗಂಟೆ ನಿಂತೆವು. ಅವರು ತಮ್ಮ ಮಗಳ ಮದುವೆ, ಸೊಂಟ ನೋವು, ಎಲ್ಲ ಹೇಳಿಕೊಂಡರು. "ಇಪ್ಪತ್ತು ವರ್ಷದಿಂದ ಊರ ಮೀಟರ್‌ನೆಲ್ಲ ನೋಡಿದೀನಿ ಮೇಡಂ, ನನ್ನನ್ನೇ ಕೂಡಿಹಾಕಿ ಲೆಕ್ಕ ತಗೊಂಡಿದ್ದು ಇದೊಂದೇ" ಎಂದರು. ಇವರು ಎದ್ದು ಬಂದು ಬಿಡಿಸಿದ ಮೇಲೆ ಹೊಸಿಲಲ್ಲಿ ನಿಂತು "ನಿಮಗೆ ದಿನಾ ಹಿಂಗೇನಾ?" ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ಕೆಳಗಿನ ಮನೆಯ ಮೇಷ್ಟರು ಬೇರೆ. ಜೀವಮಾನವಿಡೀ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಬಾಗಿಲ ಸಂದಿಯಿಂದ ಚೀಟಿ ತೂರಿಸುತ್ತಾರೆ. "ಮೊದಲನೆಯದಾಗಿ, ನಾಯಿ. ಎರಡನೆಯದಾಗಿ, ಮಗು. ಮೂರನೆಯದಾಗಿ, ಇವೆರಡೂ ಕೂಡಿದಾಗ. ನನ್ನ ತಲೆಯ ಮೇಲೆ ಗಂಟೆಗೆ ಅರವತ್ತು ಸುತ್ತು ಉಗುರಿನ ಸದ್ದು, ಎಣಿಸಿದ್ದೇನೆ." ನಾನೂ ಎಣಿಸಿದ್ದೇನೆ, ಅರವತ್ತನಾಲ್ಕು. ಹೇಳಲು ಹೋಗಲಿಲ್ಲ.

ಇವರಿಗೆ ಹೇಳಿದರೆ, "ನಾಯಿ ಮಾಡಿದ್ದೇನೀಗ? ಮನೆಯವರನ್ನ ಒಟ್ಟಿಗಿಡೋದೂ ತಪ್ಪಾ?" ಎನ್ನುತ್ತಾರೆ.

"ನೀವು ಮಲಗಿರ್ತೀರಿ, ನಿಮಗೇನು ಗೊತ್ತು" ಎಂದೆ.

"ಮಲಗದೇ ಹೋದ್ರೆ ಆ ಮೆಷಿನ್ನು ನನ್ನ ಕೈ ತಿನ್ನುತ್ತೆ ಕಣೆ."

ಅದೂ ನಿಜವೇ. ಇವರ ಜೊತೆಗಾರರೊಬ್ಬರಿಗೆ ಎರಡು ಬೆರಳು ಹೋಗಿವೆ. ಇವರ ನಿದ್ದೆ ನಿಜ, ಮೇಷ್ಟರ ತಲೆನೋವು ನಿಜ, ದೊರೆಯ ಕಾಲಿನ ತುರಿಕೆ ನಿಜ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಹೇಳು. ಪುಟ್ಟಿಯ ಮೇಲಂತೂ ಮಾಡಿಕೊಳ್ಳುವಂತಿಲ್ಲ.

ಅವನು ಕೆಟ್ಟ ನಾಯಿ ಅಲ್ಲ ಅಕ್ಕ. ಈ ಮನೆಗೆ ಅವನು ಒಗ್ಗಲಿಲ್ಲ, ಅವನಿಗೆ ಈ ಮನೆ ಒಗ್ಗಲಿಲ್ಲ. ಭಾವನಿಗೆ ಹೇಳಿ ಕುರಿ ಕೇಂದ್ರಕ್ಕೋ ನಿಮ್ಮ ಮನೆಗೋ ವಾಪಸ್ ಕರೆಸಿಕೊಳ್ಳುವಂತೆ ಮಾಡು. ಬೇಗ. ನೀನು ಕೊಟ್ಟದ್ದನ್ನು ಹಿಂದಿರುಗಿಸುತ್ತಿದ್ದಾಳೆ ಎಂದು ನೊಂದುಕೊಳ್ಳಬೇಡ.

ಪುಟ್ಟಿ ಮುಷ್ಟಿ ಚೀಪುವ ಸದ್ದು ಬರುತ್ತಿದೆ. ಇನ್ನು ನಾಲ್ಕು ನಿಮಿಷ ನನಗೆ. ಭಾವನಿಗೆ ನಮಸ್ಕಾರ, ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಮುತ್ತು.

ನಿನ್ನ
ಗುಬ್ಬಿ


ಗುರುವಾರ, ಮಾರ್ಚ್ ೧೯

ಅಕ್ಕ,

ಪತ್ರ ಮುಟ್ಟಿದ ದಿನವೇ ಉತ್ತರ ಬರೆದಿದ್ದೀಯ, ನನ್ನ ಹಾಗಲ್ಲ ನೀನು. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ನಾಯಿ ಸಾಕುವಂತಿಲ್ಲ, ಭಾವನನ್ನು ಈಗ ಕುರಿಯಿಂದ ಕಚೇರಿಗೆ ಹಾಕಿದ್ದಾರೆ, ಕೇಂದ್ರದವರು ಮನೆಯಲ್ಲಿ ಬೆಳೆದ ನಾಯಿಯನ್ನು ಸೇರಿಸುವುದಿಲ್ಲ. ಎಲ್ಲ ಅರ್ಥವಾಯಿತು. "ಇನ್ನು ಸ್ವಲ್ಪ ದಿನ ಸಹಿಸ್ಕೋ, ಮಗು ಓಡಾಡೋ ಹಾಗಾದ್ರೆ ಅವನೇ ನಿನಗೆ ಆಸರೆ" ಎಂದೂ ಬರೆದಿದ್ದೀಯ. ಆ ಸಾಲು ಓದುವ ಹೊತ್ತಿಗೆ ಅವನು ಇಲ್ಲಿ ಇರಲಿಲ್ಲ.

ಹೋದ ಶನಿವಾರ ದೊರೆ ನನ್ನನ್ನು ಕಚ್ಚಿದ.

ಗಾಬರಿಯಾಗಬೇಡ. ಎಡಗಾಲ ಮೀನಖಂಡದಲ್ಲಿ ಎರಡು ಹಲ್ಲಿನ ಗುರುತು, ರಕ್ತ ಬಂದದ್ದು ಎಳ್ಳಷ್ಟು. ಚುಚ್ಚುಮದ್ದು ಹಾಕಿಸಿಕೊಂಡೆ, ಎದೆಹಾಲು ನಿಲ್ಲಿಸಬೇಕಿಲ್ಲ ಎಂದರು. ಬಟ್ಟೆ ಒಣಹಾಕಲು ಟೆರೇಸಿಗೆ ಹೊರಟಿದ್ದೆ, ಮೆಟ್ಟಿಲಲ್ಲಿ ಬಂದು ಬಾಯಿ ಹಾಕಿದ. ಅದರ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ.

ನಾನು ಕೂಗಿದ್ದಕ್ಕೆ ಇವರಿಗೆ ಎಚ್ಚರವಾಗಿ ಬನಿಯನ್ನಿನಲ್ಲೇ ಓಡಿಬಂದರು. "ದೊರೆನಾ? ದೊರೆ ಕಚ್ಚಿದ್ನಾ?" ಎಂದು ಮೂರು ಸಲ ಕೇಳಿದರು. ಮೊದಲು ಹೋಗಿ ಮಗುವನ್ನು ಎತ್ತಿಕೊಂಡು ಅವಳ ಕಾಲು ಕೈ ಎಲ್ಲ ತಡವಿ ನೋಡಿದರು. ಆಮೇಲೆ ಚಪ್ಪಲಿ ತೆಗೆದುಕೊಂಡು ಅವನಿಗೆ ಹೊಡೆದರು. ಎರಡು ವರ್ಷದಲ್ಲಿ ಒಂದು ದಿನ ಕೈ ಎತ್ತಿದವರಲ್ಲ. ಅವನು ಓಡಲಿಲ್ಲ ಅಕ್ಕ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಹೊಡೆಸಿಕೊಂಡ.

"ಮಗು ಇರೋ ಮನೆ. ಇವತ್ತು ನಿನ್ನ ಕಾಲು, ನಾಳೆ ಅವಳದು. ಆಯ್ತು ಬಿಡು, ಕಳಿಸೋಣ" ಎಂದರು. ಎರಡು ತಿಂಗಳು ಬಾಯಿಬಿಟ್ಟು ಕೇಳಿ ಆಗದ್ದು ಎರಡು ಹಲ್ಲಿನ ಗುರುತಿನಿಂದ ಆಯಿತು.

ಊರಾಚೆ ಒಂದು ನಾಯಿಧಾಮವಿದೆ, ಬೇಡವಾದ ನಾಯಿಗಳನ್ನು ಇಟ್ಟುಕೊಂಡು ಬೇರೆ ಮನೆ ಹುಡುಕುತ್ತಾರೆ. ನಡೆಸುವ ಮೇಡಂ ಜೊತೆ ಮಾತಾಡಿದೆ. "ಮನೆಗೆ ಹೊಂದ್ಕೊಳ್ತಿಲ್ಲ ಅನ್ನೋದಾದ್ರೆ ನಾಲ್ಕು ತಿಂಗಳು ಕಾಯ್ಬೇಕು ಮೇಡಂ, ನಿಮ್ಮ ಮುಂದೆ ಮೂವತ್ತು ನಾಯಿ ಇವೆ. ಕಚ್ಚಿದ್ರೆ ಮಾತ್ರ ತಕ್ಷಣ ತಗೋತೀವಿ. ಕಚ್ಚಿದೆಯಾ?" ಎಂದರು. ನಾಲ್ಕು ತಿಂಗಳು ಎಂಬ ಮಾತು ಕೇಳಿದ ಮೇಲೆ ಯೋಚಿಸಲು ಹೋಗಲಿಲ್ಲ. ಹೌದು ಎಂದೆ. ಕಳಿಸಿದ ನಮೂನೆಯಲ್ಲಿ 'ಒಗ್ಗುತ್ತಿಲ್ಲ' ಎಂಬ ಚೌಕ ಬಿಟ್ಟು 'ಕಚ್ಚುತ್ತದೆ' ಎಂಬ ಚೌಕದಲ್ಲಿ ಗುರುತು ಹಾಕಿದೆ. ಸುಳ್ಳೇನಲ್ಲವಲ್ಲ.

ಮಂಗಳವಾರ ಮಧ್ಯಾಹ್ನ ವ್ಯಾನ್ ಬಂತು. ಇವರೇ ಅವನನ್ನು ಕೆಳಗಿಳಿಸಿದರು, ನಾನು ಪುಟ್ಟಿಯನ್ನೆತ್ತಿಕೊಂಡು ಹಿಂದೆ ಹೋದೆ. ಬಾಗಿಲು ತೆರೆದದ್ದೇ ತಡ, ಛಂಗನೆ ಒಳಗೆ ಹಾರಿದ. ಮೇಡಂ "ಎಷ್ಟು ಜಾಣ" ಎಂದರು. ಒಳಗಿನಿಂದ ತಿರುಗಿ ನಮ್ಮನ್ನು ನೋಡಿದ. ನಾವು ಹತ್ತಲಿಲ್ಲ. ಮತ್ತೆ ಕೆಳಗೆ ಹಾರಿ ಇವರ ಹಿಂದೆ ಹೋಗಿ ಮೊಣಕಾಲಿಗೆ ಮೂತಿ ಕೊಟ್ಟು ವ್ಯಾನಿನ ಕಡೆಗೆ ತಳ್ಳತೊಡಗಿದ. ಇವರನ್ನು ಬಾಗಿಲಿಗೆ ತಂದು ನಿಲ್ಲಿಸಿ ನನ್ನ ಕಡೆ ಬಂದ. ನನ್ನನ್ನು ತಂದು ನಿಲ್ಲಿಸುವಷ್ಟರಲ್ಲಿ ಇವರು ಎರಡು ಹೆಜ್ಜೆ ಸರಿದಿದ್ದರು. ಮತ್ತೆ ಇವರು, ಮತ್ತೆ ನಾನು. ಎಲ್ಲರೂ ಒಟ್ಟಿಗೆ ಹೋಗುವುದು ಎಂದುಕೊಂಡಿದ್ದ. ಚಾಲಕ ಮೊದಲು ನಗುತ್ತಿದ್ದ, ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡ. ಕೊನೆಗೆ ಇವರು ಅವನನ್ನು ಎತ್ತಿ ಒಳಗೆ ಹಾಕಿ ಬಾಗಿಲು ನೂಕಿದರು. ಮೇಷ್ಟರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಇವರು ಅಂದು ಊಟ ಮುಟ್ಟದೆ ಪ್ರೆಸ್ಸಿಗೆ ಹೋದರು.

ಈಗ ಮನೆ ಸದ್ದಿಲ್ಲದೆ ಇದೆ. ಅಡುಗೆಮನೆಗೆ ಹೋದರೆ ಯಾರೂ ಹಿಂದೆ ಬರುವುದಿಲ್ಲ. ಬಾಗಿಲು ತೆರೆದರೆ ತೆರೆಯುತ್ತದೆ. ನಿದ್ದೆ ಇನ್ನೂ ಬಂದಿಲ್ಲ. ಬರುತ್ತದೆ, ನಾಲ್ಕು ದಿನ ಹೋಗಲಿ.

ಭಾವನಿಗೆ ಈ ಕಚ್ಚಿದ ವಿಷಯ ಹೇಳಬೇಡ. ಅವರಿಗೆ ನಂಬಿಕೆಯಾಗುವುದಿಲ್ಲ.

ಗುಬ್ಬಿ


ಶನಿವಾರ, ಏಪ್ರಿಲ್ ೧೧

ಪ್ರೀತಿಯ ಅಕ್ಕ,

ಈ ಸಲವೂ ತಡವಾಯಿತು, ಬೈಯಬೇಡ. ಒಂದು ಒಳ್ಳೆಯ ಸುದ್ದಿಗಾಗಿ ಕಾದಿದ್ದೆ, ಅದು ನಿನ್ನೆ ಬಂತು. ಆದರೂ ಮೊದಲಿನಿಂದ ಹೇಳಬೇಕು, ಇಲ್ಲದಿದ್ದರೆ ಅದು ಹೇಗೆ ಒಳ್ಳೆಯದಾಯಿತೆಂದು ನಿನಗೆ ತಿಳಿಯುವುದಿಲ್ಲ.

ಹತ್ತು ದಿನದ ಹಿಂದೆ ನಾಯಿಧಾಮದ ಮೇಡಂ ಫೋನ್ ಮಾಡಿದರು. ನನ್ನ ಜೀವ ಹಾರಿಹೋಯಿತು, ವಾಪಸ್ ಕಳಿಸುತ್ತಾರೇನೋ ಎಂದು. ಇವರು ಮಲಗಿದ್ದರು; ಫೋನ್ ಹಿಡಿದು ಬಚ್ಚಲಿಗೆ ಹೋದೆ.

"ಏನು ನಾಯಿ ಮೇಡಂ ಇದು! ನೀರು ಹಾಕಕ್ಕೆ ಬಾಗಿಲು ತೆಗೆದ್ರೆ ಸಾಕು, ನಮ್ಮ ಕೆಲಸದವರನ್ನೆಲ್ಲ ತಂದು ಒಂದೇ ಬೆಂಚಿನ ಮೇಲೆ ಕೂರಿಸಿಬಿಡುತ್ತೆ. ನಿನ್ನೆ ಡಾಕ್ಟ್ರನ್ನೂ ಕೂರಿಸ್ತು" ಎಂದು ನಗಾಡಿದರು. ಆಮೇಲೆ ಹೇಳಿದರು: ಬಾತುಕೋಳಿ ಸಾಕುವ ಗಂಡ ಹೆಂಡತಿ ನಾಯಿ ಹುಡುಕಿಕೊಂಡು ಬಂದಿದ್ದರಂತೆ. ಐನೂರು ಬಾತುಕೋಳಿ, ಒಂದು ಕೆರೆ, ಎಂಟು ಎಕರೆ ಬಯಲು. ದೊರೆ ಬೆಂಚಿಗೆ ಜನ ಸೇರಿಸುವುದನ್ನು ನೋಡಿ ಅವನೇ ಬೇಕೆಂದು ಕೂತಿದ್ದಾರೆ.

"ಕೊಡಿ ಮತ್ತೆ" ಎಂದೆ.

"ಕೊಡೋ ಹಾಗಿಲ್ಲ. ಕಚ್ಚಿದ ನಾಯಿಗಳ ಸಾಲೇ ಬೇರೆ, ಅಲ್ಲಿಂದ ಯಾರಿಗೂ ಕೊಡಲ್ಲ. ಎರಡು ತಿಂಗಳಾದ ಮೇಲೆ ಡಾಕ್ಟ್ರು ತೀರ್ಮಾನ ಮಾಡ್ತಾರೆ."

"ಏನು ತೀರ್ಮಾನ?"

"ಮೇಡಂ, ನೀವು ಓದಿದವರು" ಎಂದರು.

ಸೂಜಿ ಚುಚ್ಚಿ ಸಾಯಿಸುವ ತೀರ್ಮಾನ ಅಕ್ಕ. ಚೌಕದಲ್ಲಿ ಗುರುತು ಹಾಕುವಾಗ ಅದರ ಕೆಳಗೆ ಸಣ್ಣಕ್ಷರದಲ್ಲಿ ಇದೆಲ್ಲ ಇತ್ತಂತೆ. ನಾಲ್ಕು ವರ್ಷ ಕಾಲೇಜು ಓದಿದವಳು, ಮಗುವಿನ ಹಾಲಿನ ಪುಡಿಯ ಡಬ್ಬಿಯ ಮೇಲಿನ ಅಕ್ಷರಗಳನ್ನು ಎರಡೆರಡು ಸಲ ಓದುವವಳು, ಅದನ್ನು ಓದಿರಲಿಲ್ಲ.

ಒಂದೇ ದಾರಿ ಇತ್ತು. ಕಚ್ಚಿದ್ದು ಹೇಗೆ ಎಂದು ವಿವರವಾಗಿ ಬರೆದುಕೊಡಬೇಕು. ಎಲ್ಲಿ, ಯಾವಾಗ, ಆ ಹೊತ್ತಿಗೆ ನಾನೇನು ಮಾಡುತ್ತಿದ್ದೆ. ನಾಯಿಯದು ತಪ್ಪಿಲ್ಲವೆಂದು ಡಾಕ್ಟರಿಗೆ ಒಪ್ಪಿಗೆಯಾದರೆ ಸಾಲು ಬದಲಿಸುತ್ತಾರೆ. ಮನೆಯವರಿಬ್ಬರ ಸಹಿಯೂ ಬೇಕು.

ಐದು ದಿನ ಹಿಡಿಯಿತು. ಬರೆದದ್ದನ್ನು ಹರಿದೆ, ಮತ್ತೆ ಬರೆದೆ. ಪುಟ್ಟಿ ಮಡಿಲಲ್ಲಿ ಕೂತು ಚೂರುಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕೊನೆಗೆ ಬರೆದೆ: 'ಒಣಹಾಕುವ ಬಟ್ಟೆಯ ಬುಟ್ಟಿ ಹಿಡಿದು ಟೆರೇಸಿನ ಮೆಟ್ಟಿಲು ಹತ್ತುತ್ತಿದ್ದೆ. ನಾಯಿ ಕಾಲ ಬಳಿ ಇದ್ದದ್ದು ಬುಟ್ಟಿಯಿಂದಾಗಿ ಕಾಣಲಿಲ್ಲ. ಅದರ ಪಂಜವನ್ನು ಜೋರಾಗಿ ತುಳಿದೆ. ನೋವಿಗೆ ಬಾಯಿ ಹಾಕಿತು, ಕೂಡಲೇ ಬಿಟ್ಟಿತು. ತಪ್ಪು ನನ್ನದು.'

ಇವರು ಎದ್ದು ಚಹಾ ಕುಡಿಯುವಾಗ ಮುಂದಿಟ್ಟೆ. ಎರಡು ಸಲ ಓದಿದರು.

"ಪಂಜ ತುಳಿದೆ ಅಂತ ಅವತ್ತು ಹೇಳ್ಲೇ ಇಲ್ವಲ್ಲೆ."

"ಗಾಬರೀಲಿ ಹೊಳೀಲಿಲ್ಲ."

"ಚಪ್ಪಲೀಲಿ ಹೊಡೆದೆ ನಾನವನಿಗೆ."

ನಾನು ಪೆನ್ನನ್ನು ಇವರ ಕಡೆ ಸರಿಸಿದೆ.

"ಹೇಳಿದ್ರೆ ಹೊಡೀತಿರ್ಲಿಲ್ಲ ಕಣೆ. ಕಳಿಸ್ತಾನೂ ಇರ್ಲಿಲ್ಲ" ಎಂದರು. ಸಿಟ್ಟಿನಿಂದಲ್ಲ, ಸುಮ್ಮನೆ ತಮಗೇ ಹೇಳಿಕೊಂಡಂತೆ. ಸಹಿ ಹಾಕಿದರು. ಎಷ್ಟು ತೊಳೆದರೂ ಇವರ ಬೆರಳಿನಲ್ಲಿ ಶಾಯಿ ಇದ್ದೇ ಇರುತ್ತದೆ. ಸಹಿಯ ಪಕ್ಕದಲ್ಲೇ ಹೆಬ್ಬೆರಳಿನ ಕಪ್ಪು ಹತ್ತಿತು. ಅದನ್ನೇ ಕಳಿಸಿದೆ.

ನಿನ್ನೆ ಮೇಡಂ ತಿಳಿಸಿದರು, ದೊರೆ ಬಾತುಕೋಳಿಯವರ ಮನೆ ಸೇರಿದನಂತೆ. ಮೊದಲ ದಿನವೇ ಕೆರೆಯನ್ನು ಮೂರು ಸುತ್ತು ಹಾಕಿ, ಐನೂರನ್ನೂ ನೀರಿನಿಂದ ಹೊರಗೆ ತಂದು, ಸಾಲು ಮಾಡಿ ಗೂಡಿಗೆ ಸೇರಿಸಿ, ಬಾಗಿಲಲ್ಲೇ ಮಲಗಿ ಎಂಟು ಗಂಟೆ ನಿದ್ದೆ ಮಾಡಿದನಂತೆ. ಎಂಟು ಗಂಟೆ! ಓದಿ ಹೊಟ್ಟೆ ಉರಿಸಿಕೊಳ್ಳಬೇಡ. ಈಗ ಭಾವನಿಗೆ ಹೇಳು, ಧಾರಾಳವಾಗಿ ಹೇಳು. ಕುರಿಯಾದರೇನು ಬಾತುಕೋಳಿಯಾದರೇನು, ಅವರ ಶಿಷ್ಯ ಕೆಲಸಕ್ಕೆ ಸೇರಿದ್ದಾನೆ.

ಇವರು ವಾರದ ರಜೆಯಲ್ಲಿ ಹೋಗಿ ನೋಡಿಬರೋಣ ಎನ್ನುತ್ತಾರೆ. ನಾನು ಬೇಡ ಎಂದಿದ್ದೇನೆ. ನೋಡಿದರೆ ಮತ್ತೆ ನಮ್ಮನ್ನೆಲ್ಲ ಎಣಿಸಲು ತೊಡಗುತ್ತಾನೆ.

ಪುಟ್ಟಿ ಮಗುಚಿಕೊಳ್ಳುತ್ತಾಳೆ ಈಗ. ಮಗುಚಿ, ತಲೆ ಎತ್ತಿ, ತಾನೇ ಬೆಚ್ಚಿ, ಯಾರು ಹೀಗೆ ಮಾಡಿದ್ದು ಎನ್ನುವ ಹಾಗೆ ನನ್ನನ್ನು ನೋಡುತ್ತಾಳೆ. ನಿನ್ನ ಮೂಗು ಬಂದಿದೆ ಅವಳಿಗೆ, ಪಾಪ. ಮೇಷ್ಟರು ಚೀಟಿ ನಿಲ್ಲಿಸಿದ್ದಾರೆ. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಿ "ಮೇಲೆ ತೀರಾ ಸದ್ದಿಲ್ಲವಲ್ಲಮ್ಮ" ಎಂದರು, ಅದೂ ದೂರೇ ಎನ್ನುವ ದನಿಯಲ್ಲಿ.

ನಿನ್ನ ಬೆನ್ನು ನೋವಿಗೆ ಎಣ್ಣೆ ಹಚ್ಚಿಸಿಕೋ. ಭಾರ ಎತ್ತಬೇಡ, ವಾರ್ಡಿನಲ್ಲಿ ಎಲ್ಲರನ್ನೂ ನೀನೇ ಎತ್ತಬೇಕೆಂದಿಲ್ಲ. ಮಕ್ಕಳು ಪರೀಕ್ಷೆ ಚೆನ್ನಾಗಿ ಬರೆಯಲಿ, ಭಾವನಿಗೆ 'ಕಚೇರಿಯ ಕುರ್ಚಿ' ಬೇಗ ಅಭ್ಯಾಸವಾಗಲಿ, ನಿಮ್ಮ ಮನೆ ತಣ್ಣಗಿರಲಿ. ಅಮ್ಮ ಇದ್ದಿದ್ದರೆ ಹೇಳುತ್ತಿದ್ದದ್ದನ್ನೆಲ್ಲ ನಿನಗೆ ನಾನೇ ಹಾರೈಸಿದ್ದೇನೆ, ಚಿಕ್ಕವಳು ಎಂದು ತಳ್ಳಿಹಾಕಬೇಡ.

ಇಂತಿ ನಿನ್ನ
ಗುಬ್ಬಿ

ವಿ.ಸೂ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಡಿಸಿದೆ.

ಅಂದು ನನ್ನ ಕೈಯಲ್ಲಿ ಬಟ್ಟೆಯ ಬುಟ್ಟಿ ಇರಲಿಲ್ಲ. ಕೈಚೀಲ ಇತ್ತು. ಟೆರೇಸಿನ ಮೆಟ್ಟಿಲು ಮೇಲೆ ಹೋಗುತ್ತದೆ, ನಾನು ಕೆಳಗೆ ಇಳಿಯುತ್ತಿದ್ದೆ. ಪುಟ್ಟಿ ತೊಟ್ಟಿಲಲ್ಲಿ ಅಳುತ್ತಿದ್ದಳು. ಇವರು ಹೇಗೂ ಮೂರಕ್ಕೆ ಏಳುತ್ತಾರೆ, ಹಾಲಿನ ಪುಡಿ ಇದೆ, ಯಾವಾಗ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿದೆ ಎಂದು ಲೆಕ್ಕ ಹಾಕಿಯೇ ಹೊರಟಿದ್ದೆ. ನೋಟ್‌ಬುಕ್ಕನ್ನು ಕಾಣುವ ಹಾಗೆ ಮೇಜಿನ ಮೇಲೆ ತೆರೆದಿಟ್ಟಿದ್ದೆ. ಎಲ್ಲಿಗೆ ಎಂದು ಕೇಳಬೇಡ, ಗೊತ್ತಿರಲಿಲ್ಲ. ಅಳು ಕೇಳಿಸದ ಕಡೆಗೆ.

ದೊರೆ ಎರಡನೇ ಮಹಡಿಯ ತಿರುವಿನಲ್ಲಿ ಬಂದು ಅಡ್ಡ ನಿಂತ. ದಾಟಿದೆ. ಮೂತಿಯಿಂದ ತಳ್ಳಿದ. ಕಾಲಿನಿಂದ ಅವನ ಪಕ್ಕೆಗೆ ಒದ್ದೆ ಅಕ್ಕ. ಕುಂಯ್ ಎಂದು ಸರಿದು ಮತ್ತೆ ಬಂದ. ಆಮೇಲೆ ಕಚ್ಚಿದ, ಕುರಿ ತಪ್ಪಿಸಿಕೊಳ್ಳುವಾಗ ಎಷ್ಟು ಕಚ್ಚಬೇಕೋ ಅಷ್ಟೇ. ನಾನು ಕೂಗಿಕೊಂಡು ಮೇಲೆ ಹತ್ತಿಬಂದೆ. ಇವರು ಎದ್ದಿದ್ದರು. ಏನಾಯಿತು ಎಂದರು. ಕಚ್ಚಿದ ಎಂದೆ.

ಈಗ ಬಾಗಿಲಲ್ಲಿ ಯಾರೂ ಇಲ್ಲ. ಈ ವಾರ ಎರಡು ಸಲ ಇಳಿದಿದ್ದೇನೆ. ಮೊದಲ ಸಲ ದೀಪದ ಕಂಬದವರೆಗೆ. ಮೊನ್ನೆ ಬಸ್ ನಿಲ್ದಾಣದವರೆಗೆ, ಬಸ್ಸೂ ಬಂತು. ಅಷ್ಟರಲ್ಲಿ ಎದೆಯಲ್ಲಿ ಹಾಲಿಳಿದು ಮೈಮೇಲಿನ ಬಟ್ಟೆ ನೆನೆದುಹೋಯಿತು. ಜನ ನೋಡುತ್ತಾರೆಂದು ನಾಚಿಕೆಯಾಗಿ ಹಿಂದಿರುಗಿದೆ. ಮಗುವಿನ ನೆನಪಾಗಿ ಬಂದೆ ಎಂದು ಬರೆಯಲು ಕೈ ಹೋಗಿತ್ತು. ಕಾಗದದಲ್ಲಿ ಸುಳ್ಳು ಬರೆದು ಬರೆದು ಸಾಕಾಗಿದೆ.

ಇವರಿಗೆ ಗೊತ್ತಿಲ್ಲ. ಹೇಳಿದರೆ ಇವರು ಮಲಗುವುದಿಲ್ಲ, ಮಲಗದಿದ್ದರೆ ಮೆಷಿನ್ನು.

ಆಸ್ಪತ್ರೆಯಲ್ಲಿ ಬಾಣಂತಿಯರನ್ನು ಮೆಲ್ಲಗೆ ಕೇಳುತ್ತೀಯಲ್ಲ, ಆ ಪ್ರಶ್ನೆಗಳನ್ನೆಲ್ಲ ನನ್ನನ್ನು ಕೇಳು. ಪತ್ರದಲ್ಲಿ ಬೇಡ. ಬಾ. ಇದು ಮುಟ್ಟಿದ ದಿನವೇ ಹೊರಡು. ಇವರು ಏನೆಂದು ಕೇಳಿದರೆ ಮಗುವನ್ನು ನೋಡಲು ಬಂದೆ ಎನ್ನು. ಮೂರರ ಒಳಗೆ ತಲುಪಿದರೆ ಕರೆಗಂಟೆ ಒತ್ತಬೇಡ, ಸುಮ್ಮನೆ ತಳ್ಳಿಕೊಂಡು ಬಾ. ಚಿಲಕ ಹಾಕಿರುವುದಿಲ್ಲ.